ಮೈಸೂರಿನ ನೆರಳು, ಬೀದರಿನ ನೆರಳು

ಕೇಳುಗರಿಗೆ ನಮಸ್ಕಾರ. ನಮ್ಮ ಮೈಸೂರು, ಮಂಡ್ಯ ಕಡೆಯ ಎಷ್ಟೋ ಹೈಸ್ಕೂಲುಗಳಲ್ಲಿ ಈಗ ಕಂಪ್ಯೂಟರ್ ಇದೆ, ಮೇಷ್ಟ್ರುಗಳ ಕೈಯಲ್ಲಿ ಇಂಟರ್ನೆಟ್ ಇರುವ ಫೋನಿದೆ. ಆದರೆ ವಿಡಿಯೊ ಹಾಕಿ ಮಕ್ಕಳನ್ನು ಸುಮ್ನೆ ಕೂರಿಸುವುದೇ ಜಾಸ್ತಿ. ಅದರ ಬದಲು ದೂರದ ಇನ್ನೊಂದು ಶಾಲೆಯ ಜೊತೆ ಸೇರಿ ಒಂದು ಕೆಲಸ ಮಾಡಿಸಿ ನೋಡಿ.

ಒಂದು ಲೆಕ್ಕ ಹೇಳುತ್ತೇನೆ, ಪೆನ್ನು ಇದ್ದರೆ ಬರೆದುಕೊಳ್ಳಿ. ಮೈಸೂರಿನ ಒಂದು ಶಾಲೆ, ಬೀದರಿನ ಒಂದು ಶಾಲೆ. ಡಿಸೆಂಬರ್ 21ರ ಸುಮಾರಿಗೆ, ಒಂದೇ ದಿನ, ಎರಡೂ ಕಡೆ ಅಂಗಳದಲ್ಲಿ 1 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಬೇಕು. ಗಡಿಯಾರದಲ್ಲಿ 12 ಹೊಡೆದಾಗ ಅಳೆಯಬೇಡಿ, ನೆರಳು ತೀರಾ ಗಿಡ್ಡ ಆಗುವ ತನಕ ಕಾಯಿರಿ. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ, ಹಾಗಾಗಿ ಇಲ್ಲಿ ನಡುಹಗಲು ಆಗುವಾಗ ಸುಮಾರು 12 ಗಂಟೆ 20 ನಿಮಿಷ ಆಗಿರುತ್ತದೆ. ಈ ಒಂದು ಮಾತಿನಲ್ಲೇ ಭೂಗೋಳದ ಒಂದು ಪಾಠ ಇದೆ, ಅಲ್ವಾ?

ಮೈಸೂರಿನಲ್ಲಿ ನೆರಳು ಸುಮಾರು 72 ಸೆಂಟಿಮೀಟರ್ ಬರುತ್ತದೆ, ಬೀದರಿನಲ್ಲಿ 88. ಹತ್ತನೇ ತರಗತಿಯ ತ್ರಿಕೋನಮಿತಿ ಗೊತ್ತಿದ್ದರೆ ಇದರಿಂದ ಸೂರ್ಯನ ಕೋನ ಸಿಗುತ್ತದೆ. ಎರಡು ಕೋನಗಳ ವ್ಯತ್ಯಾಸ ಸುಮಾರು 5.6 ಡಿಗ್ರಿ. ಎರಡೂ ಊರುಗಳ ನಡುವಿನ ಉತ್ತರ ದಕ್ಷಿಣ ದೂರ ನಕ್ಷೆಯಲ್ಲಿ ಸುಮಾರು 620 ಕಿಲೋಮೀಟರ್. 5.6 ಡಿಗ್ರಿಗೆ 620 ಆದರೆ 360 ಡಿಗ್ರಿಗೆ, ಅಂದರೆ ಭೂಮಿಯ ಪೂರ್ತಿ ಒಂದು ಸುತ್ತಿಗೆ, ಎಷ್ಟು? ಹತ್ತಿರ ಹತ್ತಿರ 40,000 ಕಿಲೋಮೀಟರ್. ಅದೇ ಭೂಮಿಯ ಸುತ್ತಳತೆ! ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಮಾಡಿದ ಲೆಕ್ಕ ಇದು.

ಬೀದರಿನ ಮಕ್ಕಳು ಅಂಕಿ ಕಳಿಸದಿದ್ದರೆ ನಮ್ಮ ಮಕ್ಕಳ ಲೆಕ್ಕ ಮುಗಿಯುವುದೇ ಇಲ್ಲ. ನನಗೆ ಇಷ್ಟವಾಗುವುದು ಇದೇ. ಉತ್ತರ 35,000 ಬಂತು ಅಂದುಕೊಳ್ಳಿ. ಕೋಲು ವಾಲಿತ್ತಾ, ನೆಲ ಇಳಿಜಾರಿತ್ತಾ ಅಂತ ಎರಡೂ ಕಡೆ ಚರ್ಚೆ ಶುರುವಾಗುತ್ತದೆ, ಫೋಟೊ ತರಿಸಿಕೊಂಡು ನೋಡುತ್ತಾರೆ, ಮತ್ತೆ ಅಳೆಯುತ್ತಾರೆ. ವಿಜ್ಞಾನ ಕಲಿಯುವುದು ಹೀಗೇ.

ನೆಟ್ ಸರಿಯಾಗಿ ಬರುವುದಿಲ್ಲ ಅನ್ನುವವರಿಗೆ ಒಂದು ಮಾತು. ಅಳೆಯುವುದಕ್ಕೆ ನೆಟ್ ಬೇಡ, ಅಂಕಿ ಕಳಿಸುವ ಹೊತ್ತಿಗೆ ಸಿಕ್ಕರೆ ಸಾಕು. ಮಕ್ಕಳ ಫೋನ್ ನಂಬರ್ ಯಾರಿಗೂ ಹೋಗದಿರಲಿ, ಶಿಕ್ಷಕರ ಫೋನಿನಿಂದಲೇ ನಡೆಯಲಿ. ಮಂಡ್ಯದವರಿಗೆ ಇನ್ನೊಂದು ದಾರಿಯೂ ಇದೆ. ಮಳೆಗಾಲದಲ್ಲಿ ಕೊಡಗಿನ ಶಾಲೆಯವರು ದಿನದ ಮಳೆ ಅಳೆದು ಕಳಿಸಲಿ, ನೀವು ಕೆಆರ್‌ಎಸ್ ನೀರಿನ ಮಟ್ಟ ಬರೆದಿಡಿ, 124.80 ಅಡಿ ತುಂಬುವ ತನಕ ಒಂದೇ ಹಾಳೆಯಲ್ಲಿ ಎರಡೂ ಗ್ರಾಫ್ ಎಳೆಯಿರಿ.

ಬೀದರಿನ ಶಾಲೆ ಹುಡುಕುವ ಕೆಲಸವನ್ನು ಮಾತ್ರ ಡಿಸೆಂಬರಿಗೆ ಇಟ್ಟುಕೊಳ್ಳಬೇಡಿ. ಜೂನಿನಲ್ಲಿ ಶಾಲೆ ತೆರೆದ ಕೂಡಲೇ ಅಲ್ಲಿಯ ಒಬ್ಬ ಗಣಿತ ಶಿಕ್ಷಕರಿಗೆ ಫೋನ್ ಮಾಡಿ ಮಾತಾಡಿಕೊಳ್ಳಿ. ನಮಸ್ಕಾರ.