ಮುಚ್ಚಳ ಮುಚ್ಚಿ ನೋಡಿ

ಕೇಳುಗರಿಗೆ ನಮಸ್ಕಾರ.

ಹಿಂದೊಮ್ಮೆ ಹೊಸ ಲ್ಯಾಪ್‌ಟಾಪ್ ಕೊಂಡು ಅದಕ್ಕೆ ವಿಂಡೋಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಹಾಕಿದೆ. ಎಲ್ಲ ಸರಿಯಾಗಿಯೇ ನಡೆಯಿತು. ಕೆಲಸ ಮುಗಿಸಿ, ಮುಚ್ಚಳ ಮುಚ್ಚಿ, ಬ್ಯಾಗಿಗೆ ಹಾಕಿದೆ. ಎರಡು ಗಂಟೆ ಬಿಟ್ಟು ತೆಗೆದರೆ, ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬಿಸಿ! ಬ್ಯಾಟರಿ ಮುಕ್ಕಾಲು ಖಾಲಿ. ಮಲಗಿಸಿದೆ ಅಂದುಕೊಂಡಿದ್ದೆ, ಅದು ಎಚ್ಚರವಾಗಿಯೇ ಇತ್ತು.

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಸ್-3 ಎನ್ನುವ ನಿದ್ದೆ ಇರುತ್ತಿತ್ತು. ರ‍್ಯಾಮ್‌ಗೆ ಮಾತ್ರ ಚೂರು ಕರೆಂಟು, ಮಿಕ್ಕಿದ್ದು ಬಹುಪಾಲು ಬಂದ್. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳದ್ದು ಫೋನಿನಂಥ ಅರೆನಿದ್ದೆ. ಯಾವುದೋ ಒಂದು ಬಿಡಿಭಾಗದ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಹಟ ಹಿಡಿದರೂ ಸಾಕು, ಪ್ರೊಸೆಸರ್ ಆಳದ ನಿದ್ದೆಗೆ ಇಳಿಯುವುದೇ ಇಲ್ಲ.

ನಾವೋ, ಕೊಳ್ಳುವಾಗ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ಮಾತ್ರ ನೋಡುತ್ತೇವೆ, ಅಲ್ವಾ? ಅವುಗಳಲ್ಲಿ ಲಿನಕ್ಸ್ ಎಡವುವುದು ಕಮ್ಮಿ. ಎಡವುವುದೆಲ್ಲ ಪೆಟ್ಟಿಗೆಯ ಮೇಲೆ ಬರೆಯದ ಸಣ್ಣ ಚಿಪ್‌ಗಳಲ್ಲಿ.

ವೈಫೈ ತೆಗೆದುಕೊಳ್ಳಿ. ಇಂಟೆಲ್ ಚಿಪ್‌ಗಳ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇರುತ್ತದೆ. ಬ್ರಾಡ್‌ಕಾಮ್‌ನ ಕೆಲವು ಚಿಪ್‌ಗಳಿಗೆ ಬೇರೆ ಡ್ರೈವರ್ ಇಳಿಸಿಕೊಳ್ಳಬೇಕು. ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ! ಇನ್ನೂ ಒಂದು ತಮಾಷೆ ಇದೆ. ಒಂದೇ ಮಾಡೆಲ್ ಹೆಸರಿನ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ಕಂಪನಿಯ ವೈಫೈ ಚಿಪ್ ಇರಬಹುದು. ಗೆಳೆಯನದು ಚೆನ್ನಾಗಿದೆ ಅಂತ ನೀವೂ ಅದನ್ನೇ ತಂದರೆ ಸಾಲದು.

ಗ್ರಾಫಿಕ್ಸ್‌ನಲ್ಲಿ ಇಂಟೆಲ್, ಎಎಮ್‌ಡಿ ಎರಡಕ್ಕೂ ಕರ್ನಲ್‌ನಲ್ಲೇ ಡ್ರೈವರ್ ಇದೆ. ಎನ್ವಿಡಿಯಾ 2022ರಲ್ಲಿ ತನ್ನ ಡ್ರೈವರ್‌ನ ಕರ್ನಲ್ ಭಾಗದ ಮೂಲ ಕೋಡ್ ಬಿಡುಗಡೆ ಮಾಡಿತು, ಪೂರ್ತಿ ಡ್ರೈವರ್ ಅಲ್ಲ. ಗೇಮ್ ಆಡಲ್ಲ, ಭಾರಿ ವಿಡಿಯೊ ಕೆಲಸ ಇಲ್ಲ ಅಂದರೆ ಸುಮ್ನೆ ಅದರ ಗೊಡವೆ ಯಾಕೆ? ಬೆರಳಚ್ಚು ಓದುವ ಸೆನ್ಸರ್ ಮೇಲಂತೂ ಆಸೆ ಇಟ್ಟುಕೊಳ್ಳಬೇಡಿ. ಬಂದರೆ ಲಾಭ.

ನಿನ್ನೆ ಮೊನ್ನೆ ಬಿಡುಗಡೆಯಾದ ಮಾಡೆಲ್‌ಗಿಂತ ಒಂದು ವರ್ಷ ಹಳೆಯದೇ ನನಗೆ ಇಷ್ಟ. ಅಷ್ಟರಲ್ಲಿ ಡ್ರೈವರ್‌ಗಳು ಕರ್ನಲ್ ಸೇರಿರುವ ಸಾಧ್ಯತೆ ಜಾಸ್ತಿ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ತಾನು ಪರೀಕ್ಷಿಸಿದ ಲ್ಯಾಪ್‌ಟಾಪ್‌ಗಳ ಪಟ್ಟಿ ಕೊಡುತ್ತದೆ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್‌ನಂಥ ಕಚೇರಿ ಮಾಡೆಲ್‌ಗಳು ಅದರಲ್ಲಿ ಬೇಕಾದಷ್ಟಿವೆ. ಯಾವ ಆವೃತ್ತಿಗೆ ಪಾಸಾಗಿದೆ ಅನ್ನುವುದನ್ನೂ ನೋಡಿ.

ಸಾಧ್ಯವಾದರೆ ದುಡ್ಡು ಕೊಡುವ ಮೊದಲೇ, ಲಿನಕ್ಸ್ ಬರೆದ ಪೆನ್‌ಡ್ರೈವ್ ಚುಚ್ಚಿ ಅದರಿಂದಲೇ ಲ್ಯಾಪ್‌ಟಾಪ್ ಬೂಟ್ ಮಾಡಿ, ಅಂದರೆ ಚಾಲೂ ಮಾಡಿ. ಡಿಸ್ಕಿಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ವೈಫೈ ಹಿಡಿಯುತ್ತದೆಯೇ, ಕ್ಯಾಮೆರಾದಲ್ಲಿ ನಿಮ್ಮ ಮುಖ ಕಾಣುತ್ತದೆಯೇ, ಮೈಕ್‌ಗೆ ಮಾತು ಕೇಳಿಸುತ್ತದೆಯೇ ನೋಡಿ. ಆಮೇಲೆ ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಡಿ. ತಳ ಮುಟ್ಟಿ. ತೆರೆದಾಗ ಪರದೆ ಎದ್ದು ಬರುತ್ತದೆಯೇ ಗಮನಿಸಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

ನನ್ನ ಲ್ಯಾಪ್‌ಟಾಪ್ ಏನಾಯಿತು ಅಂದಿರಾ? ಪುಣ್ಯಕ್ಕೆ ಅದರ ಬಯಾಸ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಓಡುವ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ, ಎಸ್-3 ನಿದ್ದೆಯ ಆಯ್ಕೆ ಅಡಗಿ ಕೂತಿತ್ತು. ಆರಿಸಿದೆ. ಬ್ಯಾಗು ಈಗ ತಣ್ಣಗಿರುತ್ತದೆ. ಎಲ್ಲದರಲ್ಲೂ ಆ ಆಯ್ಕೆ ಇರುವುದಿಲ್ಲ. ನಮಸ್ಕಾರ.