ಎರಡು ಘರಾನೆ, ಒಂದು ಗರಡಿ: ಜೂಡೋ ಬಂದ ದಾರಿ

ಕೇಳುಗರಿಗೆ ನಮಸ್ಕಾರ.

ಜಪಾನಿನ ಯುದ್ಧಕಲೆಗಳ ಮಾತು ಬಂದಾಗಲೆಲ್ಲ ‘ರ್ಯೂ’ ಎಂಬ ಪದ ಕಿವಿಗೆ ಬೀಳುತ್ತದೆ. ಅದನ್ನು ಬರೆಯುವ ಅಕ್ಷರಕ್ಕೆ ಹರಿವು ಎಂದು ಅರ್ಥ. ಹಿಂದುಸ್ತಾನಿ ಸಂಗೀತ ಕೇಳಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಘರಾನೆ ಅಂದರೆ ಮುಗಿಯಿತು. ಒಬ್ಬ ಮೂಲಪುರುಷ, ಅವನು ಕಟ್ಟಿದ ಪಟ್ಟುಗಳು, ಅವನ್ನು ಕಲಿಸುವ ಒಂದು ಕ್ರಮ, ಜೊತೆಗೆ ಹೊರಗಿನವರಿಗೆ ಬಿಟ್ಟುಕೊಡದ ಒಂದಷ್ಟು ಗುಟ್ಟು. ಒಲಿಂಪಿಕ್ಸ್‌ನಲ್ಲಿ ಬಿಳಿ ಅಂಗಿಯವರೂ ನೀಲಿ ಅಂಗಿಯವರೂ ಒಬ್ಬರನ್ನೊಬ್ಬರು ಎತ್ತಿ ಹಾಕುವ ಜೂಡೋ ಇಂಥ ಎರಡು ರ್ಯೂಗಳಿಂದ ಇಳಿದು ಬಂದದ್ದು.

ಮೊದಲನೆಯದು ತೆಂಜಿನ್ ಶಿನ್ಯೋ-ರ್ಯೂ. ಇಸೊ ಮಾತಾಎಮೊನ್ ಎಂಬ ಗುರು 19ನೇ ಶತಮಾನದ ಮೊದಲರ್ಧದಲ್ಲಿ, ಯೋಶಿನ್-ರ್ಯೂ ಮತ್ತು ಶಿನ್ ನೊ ಶಿಂತೋ-ರ್ಯೂ ಎಂಬ ಎರಡು ಹಳೆಯ ಮನೆತನಗಳನ್ನು ಕೂಡಿಸಿ ಕಟ್ಟಿದ್ದು ಇದು. ಒಟ್ಟು 124 ಪಟ್ಟುಗಳು. ಮೈಮೇಲೆ ಸಾದಾ ಬಟ್ಟೆ ಇರುವವನನ್ನು ಹಿಡಿಯುವ ವಿದ್ಯೆ ಇದಾದ್ದರಿಂದ ಕತ್ತು ಒತ್ತುವುದು, ಕೀಲು ತಿರುಚುವುದು, ನೆಲಕ್ಕೆ ಅದುಮಿ ಹಿಡಿಯುವುದು, ಮರ್ಮಕ್ಕೆ ಹೊಡೆಯುವುದು ಇದರ ಕೈಚಳಕ.

ಎರಡನೆಯದು ಕಿತೋ-ರ್ಯೂ, 17ನೇ ಶತಮಾನದ್ದು. ‘ಕಿ’ ಅಂದರೆ ಏಳುವುದು, ‘ತೋ’ ಅಂದರೆ ಬೀಳುವುದು. ಇದು ಕವಚ ತೊಟ್ಟವರ ವಿದ್ಯೆ. ಕಬ್ಬಿಣದ ಪಟ್ಟಿ ಹೊದ್ದವನಿಗೆ ಗುದ್ದಿದರೆ ನೋಯುವುದು ನಮ್ಮ ಕೈಯೇ. ಅದಕ್ಕೇ ಕಿತೋ-ರ್ಯೂ ಹೊಡೆತವನ್ನು ಬಿಟ್ಟು ತೂಕದ ಬೆನ್ನು ಹತ್ತಿತು. ಹೊರೆ ಹೊತ್ತವನ ತೂಕ ಒಂದು ಗೇಣು ಆಚೆಗೆ ವಾಲಿದರೂ ಹಿಂದಕ್ಕೆ ತಂದುಕೊಳ್ಳುವುದು ಕಷ್ಟ. ವಾಲಿಸುವುದೇ ಅರ್ಧ ಕೆಲಸ.

ಇಂಥ ಮನೆತನಗಳಿಗೆಲ್ಲ 1868ರಲ್ಲಿ ಅಧಿಕಾರ ಮತ್ತೆ ಚಕ್ರವರ್ತಿಯ ಕೈಗೆ ಬಂದ ಮೇಜಿ ಬದಲಾವಣೆಯ ನಂತರ ಕೆಟ್ಟ ಕಾಲ ಬಂತು. 1876ರಲ್ಲಿ ಸಮುರಾಯ್‌ಗಳು ಕತ್ತಿ ಕಟ್ಟಿಕೊಂಡು ಓಡಾಡುವುದನ್ನೂ ಸರ್ಕಾರ ನಿಷೇಧಿಸಿತು. ಜುಜುತ್ಸು, ಅಂದರೆ ಈ ರ್ಯೂಗಳ ಸೆಣಸಾಟದ ವಿದ್ಯೆ, ಕಲಿಯುವವರೇ ಇಲ್ಲದಾದಾಗ ಎಷ್ಟೋ ಗುರುಗಳು ಮೂಳೆ ಕಟ್ಟಿ ಹೊಟ್ಟೆ ಹೊರೆದರು. ಕೀಲು ತಪ್ಪಿಸಬಲ್ಲವನಿಗೆ ಕೂರಿಸುವುದೂ ಬರುತ್ತದಲ್ಲ!

ಮುಂದೆ ಜೂಡೋ ಕಟ್ಟಿದ ಕಾನೋ ಜಿಗೊರೊ ಅವರಿಗೆ ಗುರು ಸಿಕ್ಕಿದ್ದೂ ಹೀಗೆಯೇ. 1860ರಲ್ಲಿ, ಇಂದಿನ ಕೋಬೆ ನಗರಕ್ಕೆ ಸೇರಿದ ಮಿಕಾಗೆಯಲ್ಲಿ, ಸಾಕೆ ಮದ್ಯ ತಯಾರಿಸುವ ಮನೆತನದಲ್ಲಿ ಹುಟ್ಟಿದವರು. ಆಳು ಕುಳ್ಳು, ಐದಡಿ ಎರಡಂಗುಲದ ಆಸುಪಾಸು. ತೋಕಿಯೋದ ಶಾಲೆಯಲ್ಲಿ ದಾಂಡಿಗ ಹುಡುಗರ ಕಾಟ. ಜುಜುತ್ಸು ಬಲ್ಲವರು ಯಾರೆಂದು ಮೂಳೆ ಕಟ್ಟುವವರ ಅಂಗಡಿಗಳಲ್ಲಿ ವಿಚಾರಿಸುತ್ತ ಅಲೆದರು. 1877ರಲ್ಲಿ ತೆಂಜಿನ್ ಶಿನ್ಯೋ-ರ್ಯೂದ ಫುಕುದಾ ಹಾಚಿನೊಸುಕೆ ಸಿಕ್ಕರು. ಫುಕುದಾ ಕಲಿಸುತ್ತಿದ್ದದ್ದು ಹಳೆಯ ರೀತಿಯಲ್ಲಿ. ಈ ಪಟ್ಟು ಹೇಗೆ ಎಂದು ಕೇಳಿದರೆ ಎತ್ತಿ ಹಾಕುವುದು, ಮತ್ತೆ ಕೇಳಿದರೆ ಮತ್ತೆ ಎತ್ತಿ ಹಾಕುವುದು. ಮೈಗೆ ತಿಳಿಯುವ ತನಕ ಅಷ್ಟೆ.

1879ರ ಆಗಸ್ಟ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಜಪಾನಿಗೆ ಬಂದಿದ್ದಾಗ ಅವರೆದುರು ನಡೆದ ಜುಜುತ್ಸು ಪ್ರದರ್ಶನದಲ್ಲಿ ಗುರುವೂ ಇದ್ದರು, ಶಿಷ್ಯನೂ ಇದ್ದ. ಆಮೇಲೆ ಕೆಲವೇ ದಿನಗಳಲ್ಲಿ ಫುಕುದಾ ತೀರಿಕೊಂಡರು. ಮನೆತನದ ಸುರುಳಿಪತ್ರಗಳು ಕಾನೋ ಕೈಗೆ ಬಂದವು. ಅದೇ ಘರಾನೆಯ ಇಸೊ ಮಸಾತೊಮೊ ಅವರ ಬಳಿ ಹೋದರು. 1881ರಲ್ಲಿ ಅವರೂ ಹೋಗಿಬಿಟ್ಟರು. ಮೂರನೆಯ ಗುರುವಾಗಿ ದೊರಕಿದವರು ಈಕುಬೊ ತ್ಸುನೆತೊಶಿ, ಕಿತೋ-ರ್ಯೂದವರು. ಮೊದಲಿನ ಇಬ್ಬರೂ ಬದುಕಿದ್ದರೆ ಕಾನೋ ಒಂದೇ ಘರಾನೆಯ ವಾರಸುದಾರರಾಗಿ ಉಳಿಯುತ್ತಿದ್ದರೋ ಏನೋ ಎಂದು ನನಗೆ ಅನ್ನಿಸುವುದುಂಟು.

ಈಕುಬೊ ಜೊತೆ ಸೆಣಸುತ್ತಿದ್ದಾಗಲೇ ಕಾನೋಗೆ ಗುಟ್ಟು ಹೊಳೆದದ್ದು. ಎಸೆಯುವ ಮೊದಲು ಎದುರಾಳಿಯ ನಿಲುವನ್ನು ಮುರಿಯಬೇಕು. ಅದಕ್ಕೆ ‘ಕುಜುಶಿ’ ಎಂದು ಹೆಸರು. ಆಮೇಲೆ ನಮ್ಮ ಮೈಯನ್ನು ಎಸೆತಕ್ಕೆ ತಕ್ಕ ಜಾಗದಲ್ಲಿ ಇಟ್ಟುಕೊಳ್ಳುವುದು, ಅದು ‘ತ್ಸುಕುರಿ’. ಕೊನೆಗೆ ಎಸೆತ, ‘ಕಾಕೆ’. ಗುರುವನ್ನೇ ಮೇಲಿಂದ ಮೇಲೆ ಬೀಳಿಸಿದಾಗ, ನಿನಗೆ ಕಲಿಸಲು ಇನ್ನೇನೂ ಉಳಿದಿಲ್ಲವೆಂದು ಈಕುಬೊ ಹೇಳಿದರಂತೆ. 1883ರಲ್ಲಿ ಕಿತೋ-ರ್ಯೂ ಕಲಿಸುವ ಪರವಾನಗಿ ಪತ್ರವನ್ನೂ ಕೊಟ್ಟರು.

ಕಾನೋ ಇದನ್ನು ಲೆಕ್ಕ ಹಾಕಿ ಹೇಳುತ್ತಿದ್ದರು. ಎದುರಾಳಿಯ ಬಲ 10, ನನ್ನದು 7 ಅನ್ನಿ. ಅವನು ತಳ್ಳಿದಾಗ ನಾನೂ ಎದುರಿಗೆ ತಳ್ಳಿದರೆ ಸೋಲು ನನ್ನದು. ಅವನು ತಳ್ಳಿದಷ್ಟೇ ನಾನು ಹಿಂದೆ ಸರಿದರೆ ಅವನು ಮುಂದಕ್ಕೆ ವಾಲುತ್ತಾನೆ. ವಾಲಿದವನ ಕೈಲಿ 10ರ ಬಲ ಇರುವುದಿಲ್ಲ, 3ಕ್ಕೆ ಇಳಿದಿರುತ್ತದೆ. ನೆಟ್ಟಗೆ ನಿಂತ ನನ್ನ 7 ಹಾಗೇ ಇದೆ, ಅದರ ಅರ್ಧ ಖರ್ಚು ಮಾಡಿದರೂ ಗೆದ್ದೆ. ‘ಜು’ ಎಂಬ ಮಾತಿಗೆ ಮೆತ್ತಗೆ, ಬಾಗುವ ಎಂಬ ಅರ್ಥ ಇರುವುದು ಇದಕ್ಕಾಗಿ.

ವಾಲಿಸುವ ದಿಕ್ಕು ಎಂಟು: ಮುಂದೆ, ಹಿಂದೆ, ಎಡ, ಬಲ, ನಾಲ್ಕು ಮೂಲೆ. ಒಂದೊಂದು ಎಸೆತಕ್ಕೂ ತನ್ನದೇ ದಿಕ್ಕಿದೆ. ಓಸೊತೊಗಾರಿ ತೆಗೆದುಕೊಳ್ಳಿ, ಎದುರಾಳಿಯ ಬಲಗಾಲನ್ನು ಹೊರಗಿನಿಂದ ಕುಡುಗೋಲಿನಂತೆ ಕೊಯ್ಯುವ ಪಟ್ಟು. ಅವನ ತೂಕವೆಲ್ಲ ಬಲ ಹಿಮ್ಮಡಿಯ ಮೇಲೆ, ಹಿಂದಿನ ಬಲಮೂಲೆಗೆ ಬಂದಿರಬೇಕು. ಹೊಸಬರು ಇಲ್ಲೇ ಎಡವುತ್ತಾರೆ. ದೂರದಲ್ಲೇ ನಿಂತು ಕಾಲನ್ನಷ್ಟೇ ಚಾಚುತ್ತಾರೆ. ಚಾಚಿದಾಗ ಅವರ ಎದೆ ಹಿಂದಕ್ಕೆ ಹೋಗುತ್ತದೆ, ವಾಲಿದವರು ಅವರೇ ಆಗುತ್ತಾರೆ. ಎದುರಾಳಿ ಅದೇ ಪಟ್ಟನ್ನು ತಿರುಗಿಸಿ ಅವರನ್ನೇ ಮಲಗಿಸುತ್ತಾನೆ. ಎಡಗಾಲನ್ನು ಅವನ ಪಾದದ ಪಕ್ಕಕ್ಕೆ ತಂದು, ಎದೆಗೆ ಎದೆ ತಾಗಿಸಿದ ಮೇಲೆಯೇ ಬಲಗಾಲು ಏಳಬೇಕು. ಬೆನ್ನ ಮೇಲೆ ಹೊತ್ತು ಎಸೆಯುವ ಸೆಓಯಿನಾಗೆಯಲ್ಲಿ ತಪ್ಪೇ ಬೇರೆ. ಮಂಡಿ ಬಗ್ಗಿಸಿ ನಮ್ಮ ಸೊಂಟವನ್ನು ಅವನ ಸೊಂಟಕ್ಕಿಂತ ಕೆಳಗೆ ಇಳಿಸದಿದ್ದರೆ ಅವನ ಭಾರವೆಲ್ಲ ನಮ್ಮ ನಡುವಿನ ಮೇಲೆ ಕೂರುತ್ತದೆ.

ಇನ್ನು ಗರಡಿಯ ಮಾತು. 1882ರಲ್ಲಿ ತೋಕಿಯೋದ ಏಶೋಜಿ ಎಂಬ ಬೌದ್ಧ ಗುಡಿಯಲ್ಲಿ ಕಾನೋ ಜಾಗ ಹಿಡಿದರು. 12 ತತಾಮಿ ಚಾಪೆ ಹಾಸುವಷ್ಟು ಜಾಗ, ಸುಮಾರು 20 ಚದರ ಮೀಟರು. ಮೊದಲ ವರ್ಷ ಶಿಷ್ಯರು 9 ಮಂದಿ. ಇವರು ಬಿದ್ದ ಅದುರಿಗೆ ಪಕ್ಕದಲ್ಲಿಟ್ಟ ಸತ್ತವರ ಹೆಸರಿನ ಫಲಕಗಳು ಉರುಳುತ್ತಿದ್ದವು, ನೆಲದ ಹಲಗೆಗಳು ಸಡಿಲಾಗುತ್ತಿದ್ದವು. ಗುಡಿಯವರು ಎಷ್ಟು ದಿನ ತಡೆದುಕೊಂಡಾರು! ಈ ಗರಡಿಯ ಹೆಸರೇ ಕೋದೋಕಾನ್, ದಾರಿಯನ್ನು ಅಭ್ಯಾಸ ಮಾಡುವ ಮನೆ. ಜೂಡೋ ಎಂಬ ಪದವನ್ನು ಕಾನೋ ಹುಟ್ಟಿಸಲಿಲ್ಲ. ಜಿಕಿಶಿನ್-ರ್ಯೂದವರು ಮೊದಲೇ ಬಳಸಿದ್ದರು. ಬೇರೆ ಎಂದು ತಿಳಿಯಲಿ ಎಂದೇ ‘ಕೋದೋಕಾನ್ ಜೂಡೋ’ ಎಂದು ಕರೆದದ್ದು.

ಹಳೆಯ ಗರಡಿಗಳು ಬಹುಮಟ್ಟಿಗೆ ನೆಚ್ಚಿದ್ದು ‘ಕತ’ವನ್ನು, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಪಟ್ಟು, ಪ್ರತಿಪಟ್ಟು. ಕಾನೋ ‘ರಾಂದೋರಿ’ಗೆ, ಅಂದರೆ ಇಬ್ಬರೂ ನಿಜವಾಗಿ ಸೆಣಸುವುದಕ್ಕೆ, ಮೊದಲ ಮಣೆ ಹಾಕಿದರು. ಹಾಗೆ ಮಾಡಬೇಕಾದರೆ ಹೊಡೆತಗಳನ್ನೂ ಅಪಾಯದ ತಿರುಚುಗಳನ್ನೂ ಕತಕ್ಕೆ ಮೀಸಲಿಡಬೇಕು, ಬೀಳುವುದನ್ನು ಎಲ್ಲಕ್ಕಿಂತ ಮೊದಲು ಕಲಿಸಬೇಕು. ಬೀಳುವ ವಿದ್ಯೆಗೆ ‘ಉಕೆಮಿ’ ಎನ್ನುತ್ತಾರೆ. ಹಿಂದಕ್ಕೆ ಬೀಳುವಾಗ ಗಲ್ಲ ಎದೆಗೆ ತಾಗಿರಲಿ, ಕಣ್ಣು ಸೊಂಟಪಟ್ಟಿಯ ಗಂಟಿನ ಮೇಲಿರಲಿ. ಗಂಟು ಕಾಣುತ್ತಿದೆ ಅಂದರೆ ತಲೆ ನೆಲಕ್ಕೆ ಬಡಿಯುವುದಿಲ್ಲ. ಬೆನ್ನು ಚಾಪೆ ಮುಟ್ಟುವ ಕ್ಷಣಕ್ಕೇ ಎರಡೂ ತೋಳುಗಳು, ಅಂಗೈ ಕೆಳಗೆ ಮಾಡಿ, ಮೈಯಿಂದ 30ರಿಂದ 45 ಡಿಗ್ರಿ ದೂರದಲ್ಲಿ ಚಾಪೆಗೆ ಬಡಿಯಬೇಕು. ತೋಳನ್ನು ಹೆಗಲಿನ ಮಟ್ಟಕ್ಕೆ ಚಾಚಿದರೆ ಹೆಗಲಿಗೆ ಪೆಟ್ಟು. ಹೆದರಿ ಕೈ ಹಿಂದಕ್ಕೆ ಊರಿದರಂತೂ ಮಣಿಕಟ್ಟೋ ಮೊಣಕೈಯೋ ಕೊರಳೆಲುಬೋ ಮುರಿಯುವ ಭಯ.

ಪದವಿಯ ಕ್ರಮವನ್ನೂ ಕಾನೋ ಬದಲಿಸಿದರು. ರ್ಯೂಗಳಲ್ಲಿ ಮೊಕುರೊಕು, ಮೆನ್‌ಕ್ಯೋ ಎಂದು ಕೆಲವೇ ಮೆಟ್ಟಿಲು. ಒಂದರಿಂದ ಇನ್ನೊಂದಕ್ಕೆ ವರ್ಷಗಟ್ಟಲೆ ಕಾಯಬೇಕು, ಪತ್ರ ಕೊಡುವುದು ಗುರುವಿನ ಮರ್ಜಿ. ಗೋ ಎಂಬ ಹಲಗೆಯಾಟದವರಲ್ಲಿ ಮೊದಲೇ ಇದ್ದ ‘ದಾನ್’ ದರ್ಜೆಗಳನ್ನು ಕಾನೋ ತಂದರು. 1883ರಲ್ಲಿ ತೊಮಿತಾ ತ್ಸುನೆಜಿರೊ, ಸಾಯಿಗೊ ಶಿರೊ ಇಬ್ಬರಿಗೆ ಮೊದಲ ದಾನ್. ದಾನ್ ಪಡೆದವರು ಕಪ್ಪು ಪಟ್ಟಿ ಕಟ್ಟುವ ರೂಢಿ ಆಮೇಲೆ, 1880ರ ದಶಕದಲ್ಲೇ ಬಂತು. ಒಕಿನಾವಾದ ಕರಾಟೆ ಗುರು ಫುನಾಕೊಶಿ ಗಿಚಿನ್ 1922ರಲ್ಲಿ ಕೋದೋಕಾನ್‌ನಲ್ಲಿ ತಮ್ಮ ವಿದ್ಯೆ ತೋರಿಸಿದರು, 1924ರಲ್ಲಿ ತಮ್ಮ ಶಿಷ್ಯರಿಗೂ ದಾನ್ ಕೊಟ್ಟರು. ಇಂದು ನಮ್ಮ ಊರೂರಿನ ಕರಾಟೆ ತರಗತಿಗಳಲ್ಲಿ ಮಕ್ಕಳು ಆಸೆಪಡುವ ಬ್ಲ್ಯಾಕ್ ಬೆಲ್ಟ್ ಈ ದಾರಿಯಲ್ಲಿ ಬಂದದ್ದು. ಬಿಳಿ ಪಟ್ಟಿಯನ್ನು ಒಗೆಯದೆ ಕಟ್ಟಿ ಕಟ್ಟಿ ಅದು ಕಪ್ಪಾಯಿತೆಂಬುದು ಬರೀ ಕಟ್ಟುಕತೆ.

ಎಸೆತದಲ್ಲಿ ಮೇಲಾದ ಕೋದೋಕಾನ್ ನೆಲದ ಹಿಡಿತದಲ್ಲಿ ಪೆಟ್ಟು ತಿಂದದ್ದೂ ಇದೆ. ಫುಸೆನ್-ರ್ಯೂದ ತನಾಬೆ ಮಾತಾಎಮೊನ್ ಇವರ ಒಳ್ಳೊಳ್ಳೆಯ ಆಳುಗಳನ್ನು ನೆಲಕ್ಕೆ ಎಳೆದು ಸೋಲಿಸಿದರು. ಆಮೇಲೆ ಇವರೂ ನೆಲದ ಕೆಲಸಕ್ಕೆ ಮನಸ್ಸು ಕೊಟ್ಟರು. 1906ರಲ್ಲಿ ಕ್ಯೋತೋದಲ್ಲಿ ಬೇರೆ ಬೇರೆ ರ್ಯೂಗಳ ಹಿರಿಯರು ಕಾನೋ ಅಧ್ಯಕ್ಷತೆಯಲ್ಲಿ ಕೂಡಿ, ಎಸೆತಕ್ಕೆ 15, ಹಿಡಿತಕ್ಕೆ 15, ಆತ್ಮರಕ್ಷಣೆಗೆ 20 ಪಟ್ಟುಗಳ ಕತಗಳನ್ನು ಗೊತ್ತುಮಾಡಿದರು. ಕೋದೋಕಾನ್ 1895ರಲ್ಲಿ ಮಾಡಿದ್ದ 42 ಎಸೆತಗಳ ಪಟ್ಟಿಯನ್ನು 1920ರಲ್ಲಿ ತಿದ್ದಿದಾಗ 8 ಬಿಟ್ಟು 6 ಸೇರಿಸಿದರು. ಆ 40 ಎಸೆತಗಳನ್ನು ಇವತ್ತಿಗೂ ಎಂಟೆಂಟರ ಐದು ಗುಂಪಾಗಿಯೇ ಕಲಿಸುತ್ತಾರೆ.

ಭಾರತಕ್ಕೆ ಈ ತೊರೆ ಬೇಗನೇ ಹರಿಯಿತು. ರವೀಂದ್ರನಾಥ ಟ್ಯಾಗೋರರು 1905ರಲ್ಲೇ ಸಾನೋ ಜಿನ್ನೊಸುಕೆ ಅವರನ್ನು, 1929ರಲ್ಲಿ ಕೋದೋಕಾನ್‌ನ ತಕಾಗಾಕಿ ಶಿಂಜೊ ಅವರನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡಿದ್ದರು.

ಕಿತೋ-ರ್ಯೂದ ಹಳೆಯ ಕತವನ್ನು ಮಾತ್ರ ಕಾನೋ ಹೆಚ್ಚು ಮುಟ್ಟದೆ ಉಳಿಸಿಕೊಂಡರು. ಕೊಶಿಕಿ ನೊ ಕತ ಎಂದು ಹೆಸರು. ಒಟ್ಟು 21 ಪಟ್ಟುಗಳು. ಮೊದಲಿನ 14 ನಿಧಾನ, ಒಂದೊಂದರ ನಡುವೆ ಬಿಡುವು. ಕೊನೆಯ 7 ಬಿಡುವಿಲ್ಲದೆ ಒಂದರ ಹಿಂದೊಂದು. ನೀರಿನ ಗಾಲಿ, ಕಣಿವೆಗೆ ಬೀಳುವುದು, ವಿಲ್ಲೋ ಮರದ ಮೇಲಿನ ಹಿಮ, ಹೀಗೆ ಹೆಸರುಗಳು. ಇಬ್ಬರೂ ಮೈಮೇಲೆ ಕವಚ ಇದೆಯೆಂದೇ ಭಾವಿಸಿ ಭಾರವಾಗಿ ಹೆಜ್ಜೆ ಇಡಬೇಕು, ಭಾರವಾಗಿಯೇ ಬೀಳಬೇಕು. ಶಿಕೊರೊ-ದೊರಿ ಎಂಬ ಪಟ್ಟು ಬಂದಾಗ ಆಡುವವರ ಕೈ ಎದುರಾಳಿಯ ಕತ್ತಿನ ಹಿಂದಕ್ಕೆ ಹೋಗುತ್ತದೆ. ಶಿಕೊರೊ ಅಂದರೆ ಶಿರಸ್ತ್ರಾಣದಿಂದ ಕತ್ತಿಗೆ ಇಳಿಬಿದ್ದ ಲೋಹದ ಪಟ್ಟಿ. ಹತ್ತಿಯ ಬಿಳಿ ಅಂಗಿ ಬಿಟ್ಟರೆ ಅಲ್ಲಿ ಏನೂ ಇರುವುದಿಲ್ಲ, ಕೈ ಮಾತ್ರ ಆ ಪಟ್ಟಿಯನ್ನೇ ಹಿಡಿದು ತಿರುಗಿಸುತ್ತದೆ.

ನಮಸ್ಕಾರ.