ಜೋಡಿ ಸಿಲಿಂಡರಿನ ಮಣ್ಣಿನ ಋಣ

ಅಧ್ಯಕ್ಷರೇ, ಹಳೆಯ ಗಾಡಿಗಳ ಗೆಳೆಯರೇ,

ಬೆಳಿಗ್ಗೆಯಿಂದ ಇಲ್ಲಿ ನಡೆದ ಮಾತುಕತೆಯನ್ನೆಲ್ಲ ಕೂತು ಕೇಳಿದೆ. ಕ್ರೋಮ್ ಯಾರ ಬಳಿ ಹಾಕಿಸಬೇಕು, ಟ್ಯಾಂಕಿನ ಮೂಲ ಬಣ್ಣ ಯಾವುದು, ಸೀಟಿನ ಹೊಲಿಗೆ ಹೇಗಿರಬೇಕು ಎಂಬುದರ ಬಗ್ಗೆ ತಿಳಿದವರು ಚೆನ್ನಾಗಿ ಮಾತನಾಡಿದರು. ಮಣ್ಣಿನ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಆದ್ದರಿಂದ ಬರೆದುಕೊಂಡು ಬಂದಿದ್ದ ಪೀಠಿಕೆಯನ್ನು ಬದಿಗಿಟ್ಟು ನೇರವಾಗಿ ಹೇಳಿಬಿಡುತ್ತೇನೆ: ಜಪಾನಿನ ಹಳೆಯ ಜೋಡಿ ಸಿಲಿಂಡರ್ ಬೈಕುಗಳಿಗೆ ಮಣ್ಣಿನ ಋಣವಿದೆ. ಅವುಗಳನ್ನು ಮತ್ತೆ ಮಣ್ಣಿನ ದಾರಿಗೆ ಇಳಿಸಿ ಓಡಿಸಬೇಕು. ಇಂದು ನನಗೆ ಹೇಳುವುದಿರುವುದು ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಸಾಕ್ಷ್ಯ.

"ಅಷ್ಟು ಭಾರದ ಗಾಡಿ ಕಚ್ಚಾ ದಾರಿಯಲ್ಲಿ ಓಡುತ್ತದೆಯೇ?" ಎಂಬ ಪ್ರಶ್ನೆ ನಿಮ್ಮಲ್ಲಿ ಹಲವರ ಮುಖದ ಮೇಲೆ ಈಗಲೇ ಕಾಣುತ್ತಿದೆ. ಉತ್ತರಕ್ಕೆ 1962ಕ್ಕೆ ಹೋಗೋಣ.

ಆಗ ಅಮೆರಿಕದಲ್ಲಿ ಹೋಂಡಾ ಹೊಸಬ. ಚಿಕ್ಕ ಗಾಡಿಗಳನ್ನು ಮಾರುವ ಕಂಪನಿ ಎಂದೇ ಜನ ತಿಳಿದಿದ್ದರು. ಮರುಭೂಮಿಯ ಓಟವೆಂದರೆ 500, 650 ಸಿಸಿಯ ಬ್ರಿಟಿಷ್ ಗಾಡಿಗಳು, ಅದರಲ್ಲೂ ಟ್ರಯಂಫ್. ಅಂಥ ಹೊತ್ತಿನಲ್ಲಿ ಹೋಂಡಾ ತನ್ನ 250 ಸಿಸಿಯ ಸಿಎಲ್72 ಸ್ಕ್ರ್ಯಾಂಬ್ಲರ್, ಅಂದರೆ ಕಚ್ಚಾ ದಾರಿಗೂ ಇಳಿಯುವ ಗಾಡಿ, ತಂದಿತು. ಅಕ್ಕಪಕ್ಕ ನಿಂತ ಎರಡು ಸಿಲಿಂಡರ್, 247 ಸಿಸಿ, ಒಂದೇ ಬದಿಯಲ್ಲಿ ಮೇಲಕ್ಕೆ ಎತ್ತಿ ಕಟ್ಟಿದ ಎರಡು ಸೈಲೆನ್ಸರ್ ಕೊಳವೆ, ಎಂಜಿನ್ನಿನ ತಳಕ್ಕೆ ಕಲ್ಲು ಬಡಿಯದಂತೆ ತಗಡಿನ ಕವಚ. ತೂಕ ಸುಮಾರು 150 ಕಿಲೊ. ಗಾಡಿ ಗಟ್ಟಿಮುಟ್ಟಾಗಿದೆ ಎಂದು ಜನರನ್ನು ನಂಬಿಸಬೇಕಿತ್ತು. ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪವನ್ನು ಉತ್ತರದ ಟಿಹ್ವಾನಾದಿಂದ ದಕ್ಷಿಣದ ಲಾ ಪಾಜ್‌ವರೆಗೆ ಓಡಿಸಿ ತೋರಿಸೋಣ ಎಂದು ಕಂಪನಿಯವರು ನಿರ್ಧರಿಸಿದರು.

ಮೊದಲು ಕೇಳಿದ್ದು ಬಡ್ ಈಕಿನ್ಸ್ ಅವರನ್ನು. ಮರುಭೂಮಿಯ ಓಟದಲ್ಲಿ ಹೆಸರು ಮಾಡಿದ್ದವರು, ಹಾಲಿವುಡ್‌ನ ಸಾಹಸ ದೃಶ್ಯಗಳ ಸವಾರ. ಆದರೆ ಅವರು ಟ್ರಯಂಫ್ ಡೀಲರ್! ತಮ್ಮ ಅಂಗಡಿಯ ಎದುರಾಳಿಯ ಗಾಡಿ ಹತ್ತುವುದು ಹೇಗೆ? ತಮ್ಮನಾದ ಡೇವ್‌ನನ್ನು ಮುಂದೆ ಮಾಡಿದರು. ವ್ಯಾಪಾರವೂ ಉಳಿಯಿತು, ಕೀರ್ತಿಯೂ ಮನೆಯಲ್ಲೇ ಉಳಿಯಿತು. ಅಣ್ಣಂದಿರು ಹೀಗಿರಬೇಕು! ಡೇವ್ ಈಕಿನ್ಸ್ ಜೊತೆಗೆ ಇನ್ನೊಂದು ಸಿಎಲ್72 ಮೇಲೆ ಬಿಲ್ ರಾಬರ್ಟ್‌ಸನ್ ಜೂನಿಯರ್ ಹೊರಟರು.

ದೂರ ಸುಮಾರು 950 ಮೈಲಿ, ಅಂದರೆ 1,500 ಕಿಲೊಮೀಟರಿಗೂ ಹೆಚ್ಚು. ಡಾಂಬರು ಕಂಡ ದಾರಿ ಅದರಲ್ಲಿ ಅಲ್ಪ. ಉಳಿದದ್ದು ಮರಳು, ಕಲ್ಲು, ಒಣಗಿದ ಹಳ್ಳ, ಕತ್ತಲು. ಹೊರಟ ಹೊತ್ತು, ಮುಟ್ಟಿದ ಹೊತ್ತು ಸುಳ್ಳಲ್ಲ ಎನ್ನಲು ಸಾಕ್ಷಿ ಯಾರು? ಟಿಹ್ವಾನಾದ ತಂತಿ ಕಚೇರಿಯಿಂದ ಒಂದು ತಂತಿ, ಅಂದರೆ ಟೆಲಿಗ್ರಾಂ, ಲಾ ಪಾಜ್‌ನ ತಂತಿ ಕಚೇರಿಯಿಂದ ಇನ್ನೊಂದು ತಂತಿ. ಎರಡರ ಮೇಲೂ ಬಿದ್ದ ಸಮಯದ ಮುದ್ರೆಯೇ ತೀರ್ಪುಗಾರ. ನಮ್ಮಲ್ಲಿ ತಂತಿ ಎಂದರೆ ಮನೆಮಂದಿಯ ಎದೆ ಧಸಕ್ಕೆನ್ನುತ್ತಿದ್ದ ಕಾಲ ಹಿರಿಯರಿಗೆ ನೆನಪಿರುತ್ತದೆ. ಅಲ್ಲಿ ಅದು ಒಂದು ದಾಖಲೆಗೆ ಜಾಮೀನಾಯಿತು. ಡೇವ್ ಈಕಿನ್ಸ್ ತೆಗೆದುಕೊಂಡ ಸಮಯ 39 ಗಂಟೆ 56 ನಿಮಿಷ.

ಈಗ ನನಗೆ ಬಹಳ ಪ್ರಿಯವಾದ ಭಾಗ. ಲಾ ಪಾಜ್ ಇನ್ನೂ ದೂರವಿರುವಾಗಲೇ ರಾಬರ್ಟ್‌ಸನ್ ಅವರ ಗಾಡಿಯ ಒಂದು ಪಿಸ್ಟನ್ ತೂತಾಯಿತು. ಪಿಸ್ಟನ್ ತೂತಾಗುವುದೆಂದರೆ ಏನೆಂದು ಇಲ್ಲಿ ಗ್ಯಾರೇಜ್ ಇಟ್ಟವರಿಗೆ ಬಿಡಿಸಿ ಹೇಳಬೇಕಿಲ್ಲ. ಹೆಡ್ ಬಿಚ್ಚಿದರೆ ತಲೆಯ ನಡುವೆ ಅಲ್ಯೂಮಿನಿಯಂ ಕರಗಿ, ಅಂಚೆಲ್ಲ ಮೇಣದಂತೆ ಜಾರಿ, ಕೆಳಗಿನ ಕನೆಕ್ಟಿಂಗ್ ರಾಡ್ ಕಾಣುತ್ತಿರುತ್ತದೆ. ಒಂಟಿ ಸಿಲಿಂಡರಿನ ಗಾಡಿಯಾಗಿದ್ದರೆ ಕಥೆ ಅಲ್ಲಿಗೇ ಮುಗಿಯಿತು, ಮರಳಿನಲ್ಲಿ ತಳ್ಳಿಕೊಂಡು ಹೋಗುವುದೊಂದೇ ದಾರಿ. ರಾಬರ್ಟ್‌ಸನ್ ಉಳಿದ ಒಂದೇ ಸಿಲಿಂಡರಿನ ಮೇಲೆ, 125 ಸಿಸಿಯ ಶಕ್ತಿಯಲ್ಲಿ, ಲಾ ಪಾಜ್ ಮುಟ್ಟಿದರು. ದಾಖಲೆ ಡೇವ್ ಅವರದು, ಒಪ್ಪುತ್ತೇನೆ. ಆದರೆ ಆ ಗಾಡಿಯ ಗುಣವನ್ನು ಲೋಕಕ್ಕೆ ತೋರಿಸಿದ್ದು ಹಿಂದೆ ಬಂದ ರಾಬರ್ಟ್‌ಸನ್. ಜೋಡಿ ಸಿಲಿಂಡರ್ ಎಂದರೆ ಮನೆ ಸೇರುವ ಭರವಸೆ. ಈ ಮಾತನ್ನು ನಾನು ಇಂದು ಇನ್ನೂ ಒಂದೆರಡು ಸಲ ಹೇಳುವವನಿದ್ದೇನೆ, ಸಹಿಸಿಕೊಳ್ಳಿ.

ಈ ಓಟದ ಹಿಂದೆಯೇ ಬಾಹಾದ ಹುಚ್ಚು ಹಬ್ಬಿತು. 1967ರಲ್ಲಿ ಅದೇ ದಾರಿಯಲ್ಲಿ ಮೆಕ್ಸಿಕನ್ 1000 ಎಂಬ ಪಂದ್ಯ ಶುರುವಾಯಿತು. 1968ರಲ್ಲಿ ಅದರ ಮೋಟರ್‌ಸೈಕಲ್ ವಿಭಾಗವನ್ನು ಲ್ಯಾರಿ ಬರ್ಕ್ವಿಸ್ಟ್ ಮತ್ತು ಗ್ಯಾರಿ ಪ್ರೆಸ್ಟನ್ ಗೆದ್ದದ್ದು ಹೋಂಡಾ 350 ಮೇಲೆ. ಅದೂ ಜೋಡಿ ಸಿಲಿಂಡರೇ!

ಇನ್ನು ಯಂತ್ರದ ಮಾತು. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡವೇ ಕ್ರ್ಯಾಂಕ್, ಅದು ಕೂರುವ ಪೆಟ್ಟಿಗೆಯೇ ಕ್ರ್ಯಾಂಕ್‌ಕೇಸ್. ಆ ಕಾಲದ ಬ್ರಿಟಿಷ್ ಜೋಡಿ ಸಿಲಿಂಡರುಗಳಲ್ಲಿ ಅದು ಎಡ ಬಲ ಎಂದು ನಿಲುವಾಗಿ ಎರಡು ಹೋಳು. ಜೋಡಣೆಯ ಗೆರೆ ಮೇಲಿನಿಂದ ತಳದವರೆಗೂ ಇಳಿಯುತ್ತದೆ. ಹೋಂಡಾ ತನ್ನದನ್ನು ಅಡ್ಡಲಾಗಿ ಸೀಳಿತು. ಮೇಲೊಂದು ಹೋಳು, ಕೆಳಗೊಂದು ಹೋಳು, ಗೆರೆ ಕ್ರ್ಯಾಂಕಿನ ಮಟ್ಟದಲ್ಲಿ. ಆಯಿಲ್ ನಿಲ್ಲುವುದು ಅದಕ್ಕಿಂತ ಕೆಳಗೆ. ತಳದಲ್ಲಿ ಬೆಸುಗೆ ಇರುವ ಪಾತ್ರೆಗೂ ಬಾಯಿಗೆ ಮುಚ್ಚಳವಿರುವ ಪಾತ್ರೆಗೂ ಎಷ್ಟು ವ್ಯತ್ಯಾಸವೋ ಇಲ್ಲೂ ಅಷ್ಟೇ. ಮರುಭೂಮಿಯಲ್ಲಿ ಸಾವಿರ ಮೈಲಿ ಹೋಗುವವನಿಗೆ ಆಯಿಲ್ ಸೋರದಿರುವುದು ಐಷಾರಾಮವಲ್ಲ, ಜೀವದ ಪ್ರಶ್ನೆ.

ಅದೇ ವಿನ್ಯಾಸವನ್ನು ದೊಡ್ಡದಾಗಿ ನೋಡಬೇಕೆಂದರೆ ಯಮಾಹಾದ 650. ಎಕ್ಸ್‌ಎಸ್-1 ಎಂದು 1970ರ ಸುಮಾರಿಗೆ ಬಂದು, ಎಕ್ಸ್‌ಎಸ್650 ಆಗಿ 80ರ ದಶಕದವರೆಗೆ ಮಾರಾಟವಾಯಿತು. ಸಿಲಿಂಡರಿನ ಅಗಲ, ಅಂದರೆ ಬೋರ್, 75 ಮಿಲಿಮೀಟರ್; ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕ್, 74; ಒಟ್ಟು 653 ಸಿಸಿ. ಕ್ರ್ಯಾಂಕ್ ಕೂತಿರುವುದು ರೋಲರ್ ಬೇರಿಂಗುಗಳ ಮೇಲೆ. ನೋಡಲು ಬ್ರಿಟಿಷ್ ಗಾಡಿಯ ಹಾಗೆ ಸೌಮ್ಯ, ಒಳಗೆ ಕಬ್ಬಿಣದ ಕಡಲೆ. ಕೆನ್ನಿ ರಾಬರ್ಟ್ಸ್ 1973ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅಮೆರಿಕದ ಗ್ರ್ಯಾಂಡ್ ನ್ಯಾಷನಲ್ ಚಾಂಪಿಯನ್ ಆದರು. 1974ರಲ್ಲಿ ಮತ್ತೆ ಆದರು. ಮೊಟ್ಟೆಯಾಕಾರದ ದೊಡ್ಡ ಮಣ್ಣಿನ ಟ್ರ್ಯಾಕುಗಳಲ್ಲಿ ಹಾರ್ಲೆ ಎಕ್ಸ್‌ಆರ್750 ಎದುರಿಗೆ ಅವರ ಕೆಳಗಿದ್ದದ್ದು ಇದೇ ಎಂಜಿನ್ನಿನಿಂದ ಕಟ್ಟಿದ ಗಾಡಿ. ಯೂರೋಪಿನಲ್ಲಿ ಇದನ್ನೇ ವಾಸ್ಪ್, ಇಎಂಎಲ್ ಎಂಬ ಕಂಪನಿಗಳ ಫ್ರೇಮುಗಳಲ್ಲಿ ಕೂರಿಸಿ, ಪಕ್ಕಕ್ಕೆ ಸೈಡ್‌ಕಾರ್ ಕಟ್ಟಿ, ಇಬ್ಬರು ಹತ್ತಿ ಕೆಸರಿನ ದಿಬ್ಬಗಳ ಮೇಲೆ ಹಾರಿಸಿದರು. ಭಾರದ ಗಾಡಿ ಕಚ್ಚಾ ದಾರಿಗೆ ಆಗದು ಎನ್ನುವವರು ಆ ಸೈಡ್‌ಕಾರಿನಲ್ಲಿ ಒಂದು ಸುತ್ತು ಕೂತು ಬರಲಿ.

ಆ ಎಂಜಿನ್ನಿನಲ್ಲಿ ಎರಡು ಪಿಸ್ಟನ್ನುಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಹಾಗಾಗಿ ನಡುಕ ಹೆಚ್ಚು. ಇಂದು ಇವುಗಳನ್ನು ಸಿದ್ಧಪಡಿಸುವ ಕೆಲವರು ಕ್ರ್ಯಾಂಕನ್ನು ಬಿಚ್ಚಿ, ಒಂದು ಭಾಗವನ್ನು ತಿರುಗಿಸಿ, ಎರಡು ಪಿಸ್ಟನ್ನುಗಳ ನಡುವೆ 277 ಡಿಗ್ರಿ ಅಂತರ ಬರುವಂತೆ ಕೂರಿಸುತ್ತಾರೆ. ಒಂದು ಪಿಸ್ಟನ್ ಮೇಲೆ ನಿಂತು ಹಿಂತಿರುಗುವ ಹೊತ್ತಿಗೆ ಇನ್ನೊಂದು ವೇಗವಾಗಿ ಚಲಿಸುತ್ತಿರುತ್ತದೆ. ನಡುಕ ಇಳಿಯುತ್ತದೆ, ಹಿಂದಿನ ಚಕ್ರ ಸಡಿಲ ಮಣ್ಣನ್ನು ಹಿಡಿಯುವ ರೀತಿಯೂ ಬದಲಾಗುತ್ತದೆ. ವಾಲ್ವ್ ತೆರೆಯುವ ಕ್ಯಾಮ್, ಕಿಡಿ ಹೊತ್ತಿಸುವ ಇಗ್ನಿಷನ್ ಎರಡನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು. ಒಳ್ಳೆಯ ಲೇತ್ ಕೆಲಸಗಾರ ಸಿಗದೆ ಇದಕ್ಕೆ ಕೈ ಹಾಕಬೇಡಿ.

ಹಾಗಾದರೆ ಇವು ಮಣ್ಣಿನಿಂದ ಮರೆಯಾದದ್ದೇಕೆ? 1968ರಲ್ಲಿ ಯಮಾಹಾದ್ದೇ ಡಿಟಿ-1 ಬಂತು. ಒಂಟಿ ಸಿಲಿಂಡರ್, ಟೂ ಸ್ಟ್ರೋಕ್, ಹಗುರ. ಸ್ಪರ್ಧೆಯ ಲೆಕ್ಕದಲ್ಲಿ ಅದು ಗೆದ್ದದ್ದು ನ್ಯಾಯವೇ. ಆದರೆ ಇಂದಿನ ಕ್ಲಾಸಿಕ್ ಪಂದ್ಯಗಳು ಹಳೆಯ ಗಾಡಿಗಳಿಗೆ ಹಳೆಯ ನಿಯಮಗಳನ್ನೇ ಇಟ್ಟಿವೆ. ಅಮೆರಿಕದ ವಿಂಟೇಜ್ ಮೋಟೊಕ್ರಾಸ್‌ನಲ್ಲಿ ಸಸ್ಪೆನ್ಷನ್ನಿನ ಚಲನೆ ಮುಂದೆ 7 ಇಂಚು, ಹಿಂದೆ 4 ಇಂಚು ಮೀರುವಂತಿಲ್ಲ. ಮೆಕ್ಸಿಕನ್ 1000 ಕೂಡ 2010ರಲ್ಲಿ ಮರುಹುಟ್ಟು ಪಡೆದು ಹಳೆಯ ಗಾಡಿಗಳನ್ನು ಕರೆದು ಓಡಿಸುತ್ತಿದೆ. ಅಲ್ಲಿ ಇವು ಮುದುಕರ ಮೆರವಣಿಗೆಗೆ ಬರುವುದಿಲ್ಲ, ಗೆಲ್ಲಲು ಬರುತ್ತವೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷವಂತೆ.

ನಮ್ಮ ಮನೆಯ ವಿಷಯ ಬಿಡುವಂತಿಲ್ಲ. ಎಸ್ಕಾರ್ಟ್ಸ್ 1983ರಲ್ಲಿ ತಂದ ರಾಜ್‌ದೂತ್ 350, ಅಂದರೆ ಯಮಾಹಾ ಆರ್‌ಡಿ350. ಇದೂ ಜೋಡಿ ಸಿಲಿಂಡರೇ. 347 ಸಿಸಿ, ಒಳಬರುವ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ರೀಡ್ ವಾಲ್ವ್, ಆರು ಗೇರ್. ಪೆಟ್ರೋಲ್ ಕುಡಿಯುತ್ತದೆ ಎಂದು ಜನ ದೂರವಿಟ್ಟರು, ಎಷ್ಟೋ ಗಾಡಿಗಳು ಗುಜರಿ ಸೇರಿದವು. ಇಂದು ಅದೇ ಗಾಡಿಗೆ ಬೆಂಗಳೂರಿನಲ್ಲಿ ಎಂಥ ಬೆಲೆ ಎಂದು ನಿಮಗೇ ಗೊತ್ತು. ಬೆಲೆ ಏರಿದಷ್ಟೂ ಅದು ರಸ್ತೆಗೂ ಇಳಿಯದೆ ಹಾಲ್‌ನಲ್ಲಿ ಹೊದಿಕೆ ಹೊದ್ದು ಕೂತಿದೆ. ನನಗೆ ಇದು ಸಂಕಟ ತರುತ್ತದೆ. ಮೂಲ ಫ್ರೇಮನ್ನು ಕೊಯ್ಯಿರಿ ಎಂದು ನಾನು ಹೇಳುತ್ತಿಲ್ಲ. ಕೊಯ್ದರೆ ಜಗಳಕ್ಕೇ ಬರುತ್ತೇನೆ! ಮೂಲ ಟ್ಯಾಂಕ್, ಮಡ್‌ಗಾರ್ಡ್, ಸೈಲೆನ್ಸರ್ ಬಿಚ್ಚಿ ಭದ್ರವಾಗಿಡಿ, ಬದಲಿ ಹಾಕಿಕೊಳ್ಳಿ. ಹ್ಯಾಂಡಲ್ ಅಗಲ ಮಾಡಿ, ಗುಬುಟಿನ ಟೈರ್ ಹಾಕಿ, ಸೊಂಟಕ್ಕೆ ಬೆಲ್ಟು ಬಿಗಿದು ಇಳಿಯಿರಿ. ಒಂದು ಸಿಲಿಂಡರ್ ಕೈಕೊಟ್ಟರೆ ಇನ್ನೊಂದು ಕುಂಟುತ್ತಲಾದರೂ ಮನೆಗೆ ತರುತ್ತದೆ. ಹೇಳಿದ್ದೆನಲ್ಲ, ಮನೆ ಸೇರುವ ಭರವಸೆ.

ಡಕಾರ್ ಎಂಬ ಮರುಭೂಮಿಯ ರ್‍ಯಾಲಿ ಬಗ್ಗೆ ಹೇಳಲು ಬಹಳ ಇತ್ತು. ಹೋಂಡಾದ ವಿ-ಟ್ವಿನ್, ಅಂದರೆ ವಿ ಆಕಾರದಲ್ಲಿ ಎರಡು ಸಿಲಿಂಡರಿನ, ಎನ್‌ಎಕ್ಸ್‌ಆರ್750 1986ರಿಂದ 1989ರವರೆಗೆ ಸತತವಾಗಿ ಗೆದ್ದದ್ದು, ಆಮೇಲೆ ಯಮಾಹಾದ ಜೋಡಿ ಸಿಲಿಂಡರಿನ ಮೇಲೆ ಫ್ರಾನ್ಸಿನ ಸವಾರ ಪೀಟರ್‌ಹಾನ್ಸೆಲ್ ಆರು ಸಲ ಗೆದ್ದದ್ದು. ಅದು ಇನ್ನೊಂದು ಸಂಜೆಯ ಮಾತು.

ಗಂಟೆ ಬಾರಿಸಿದರು. ಕೊನೆಯದಾಗಿ ಕೆಲಸದ ಮಾತು ಒಂದೇ: ಎರಡು ಕಾರ್ಬುರೇಟರುಗಳನ್ನೂ ಸಮವಾಗಿ ಟ್ಯೂನ್ ಮಾಡಿ, ಏರ್ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಚ್ಚದೆ ಧೂಳಿಗೆ ಇಳಿಯಬೇಡಿ. ಫೋರ್ಕ್ ಆಯಿಲ್ ಬಗ್ಗೆ ಕೇಳಿದ್ದ ಹುಡುಗರು ಊಟದ ಸಾಲಿನಲ್ಲಿ ನನ್ನ ಪಕ್ಕ ನಿಲ್ಲಿ, ಅಲ್ಲೇ ಹೇಳುತ್ತೇನೆ. ನಮಸ್ಕಾರ.